ದನಗಾಹಿಯ ಕಿಸೆಯಲ್ಲೊಂದು ಬಿರಡೆ ತಿರುಪು

ಕುಡಿತ ಮತ್ತು ಚಾಕು ಒಂದೇ ವಾಕ್ಯದಲ್ಲಿ ಬಂದರೆ ನಮ್ಮ ಕಣ್ಣು ತಾನಾಗಿ ಅಪರಾಧ ಸುದ್ದಿಯ ಪುಟಕ್ಕೆ ಹೋಗುತ್ತದೆ. ‘ಕುಡಿದ ಅಮಲಿನಲ್ಲಿ ಚಾಕು ಇರಿತ: ಇಬ್ಬರ ಬಂಧನ’ ಎಂಬ ಒಂದು ಕಾಲಂ ಸುದ್ದಿಯನ್ನು ಓದಿ ಓದಿ ಬೆಳೆದವರು ನಾವು. ನಾಲ್ಕು ಜನ ಹಿರಿಯರು ಊಟದ ಮೇಜಿನ ಸುತ್ತ ಕೂತು, ಒಬ್ಬೊಬ್ಬರೂ ಕಿಸೆಯಿಂದ ಮಡಿಚುವ ಚಾಕು ತೆಗೆದು ಗಾಜಿನ ಲೋಟದ ಪಕ್ಕ ಇಟ್ಟುಕೊಂಡು, ಆಮೇಲೆ ನೆಮ್ಮದಿಯಾಗಿ ಕುಡಿಯಲು ಶುರುಮಾಡುತ್ತಾರೆ ಎಂದರೆ ಯಾರಿಗಾದರೂ ತುಸು ಗಾಬರಿಯಾದೀತು. ದಕ್ಷಿಣ ಫ್ರಾನ್ಸಿನ ಒಬ್ರಾಕ್ ಎಂಬ ಎತ್ತರದ ಹುಲ್ಲುಗಾವಲಿನಲ್ಲಿ ಇದು ಮರ್ಯಾದಸ್ಥರ ಲಕ್ಷಣ. ಒಂದು ಕಾಲಕ್ಕೆ ಅಲ್ಲಿ ಚಾಕು ತಾರದೆ ಊಟಕ್ಕೆ ಬಂದವನನ್ನೇ ಜನ ವಿಚಿತ್ರವಾಗಿ ನೋಡುತ್ತಿದ್ದರು.

ಆ ಹುಲ್ಲುಗಾವಲಿನ ನಡುವೆ ಲಯೋಲ್ ಎಂಬ ಊರಿದೆ. ಬರೆಯುವಾಗ ಹೆಸರಿನ ನಡುವೆ ಒಂದು ‘ಗ’ಕಾರ ಬರುತ್ತದೆ, ಹೇಳುವಾಗ ಊರಿನವರು ಅದನ್ನು ನುಂಗಿಬಿಡುತ್ತಾರೆ. ‘ಲಗಿಯೋಲ್’ ಎಂದವನು ಹೊರಗಿನವನೆಂದು ಕೂಡಲೇ ತಿಳಿಯುತ್ತದೆ. ಸಮುದ್ರಮಟ್ಟದಿಂದ ಸುಮಾರು 1000 ಮೀಟರ್ ಎತ್ತರ, ನಮ್ಮ ಮಡಿಕೇರಿಗಿಂತ ತುಸು ತಗ್ಗು. ಆದರೆ ಚಳಿಗಾಲದಲ್ಲಿ ಹಿಮ ಬಿದ್ದು ದಾರಿಯೇ ಕಾಣದ ಜಾಗ. ಜನ ಸಾವಿರಕ್ಕೆ ತುಸು ಮೇಲೆ. ಅಲ್ಲಿನ ಹಸುಗಳು ಗೋಧಿಬಣ್ಣದವು, ಕಣ್ಣಿನ ಸುತ್ತ ಯಾರೋ ಕಾಡಿಗೆ ತೀಡಿದಂತೆ ಕಪ್ಪು ಅಂಚು. ಈ ಹಸುಗಳ ಹಾಲಿನ ಗಿಣ್ಣಿಗೂ ಊರಿನದೇ ಹೆಸರು, ಊರಿನ ಚಾಕುವಿಗೂ ಅದೇ ಹೆಸರು.

ಚಾಕು ಮಡಿಚಿದರೆ ಅಂಗೈಗಿಂತ ಸ್ವಲ್ಪ ಉದ್ದ, ಬಿಚ್ಚಿದರೆ ಗೇಣುದ್ದ. ಹಿಡಿ ಕೊಂಬಿನದೋ ಮರದ್ದೋ, ಹೆಣ್ಣುಮಕ್ಕಳ ಸೊಂಟದಂತೆ ಬಾಗಿದ್ದು ಎಂದು ಫ್ರೆಂಚರು ವರ್ಣಿಸುತ್ತಾರೆ. ನನಗಂತೂ ಕರುವಿನ ಹಿಂಗಾಲಿನಂತೆ ಕಾಣುತ್ತದೆ. ಬೆನ್ನಿನ ಸ್ಪ್ರಿಂಗಿನ ತುದಿಯಲ್ಲಿ ಒಂದು ಜೇನುಹುಳ ಕೂತಿರುತ್ತದೆ. ನೆಪೋಲಿಯನ್ ಮೆಚ್ಚಿ ತನ್ನ ಲಾಂಛನದ ಜೇನನ್ನು ಊರಿಗೆ ಬಹುಮಾನ ಕೊಟ್ಟ ಎಂದು ಅಂಗಡಿಯವರು ಪ್ರವಾಸಿಗರಿಗೆ ಹೇಳುವ ಕಥೆಯನ್ನು ನಂಬಬೇಕಿಲ್ಲ. ನೆಪೋಲಿಯನ್ ತೀರಿಕೊಂಡದ್ದು 1821ರಲ್ಲಿ. ಪಿಯೆರ್ ಜಾನ್ ಕಾಲ್ಮೆಲ್ ಎಂಬ ಕುಶಲಿ ಈ ಊರಿನಲ್ಲಿ ಚಾಕುವಿನ ಕಾರ್ಖಾನೆ ಹಾಕಿದ್ದು 1829ರಲ್ಲಿ. ಜೇನುಹುಳ ಚಾಕುವಿನ ಮೇಲೆ ಕೂತದ್ದು ಅದಕ್ಕೂ ತೀರಾ ಈಚೆಗೆ, 20ನೆಯ ಶತಮಾನದ ಮೊದಲ ದಶಕದಲ್ಲಿ.

ನನಗೆ ಹುಳಕ್ಕಿಂತ ಹೆಚ್ಚು ಮಾತಾಡುವುದು ಒಳಗಿನ ಸಲಕರಣೆಗಳು. ಹಳೆಯ ಬಗೆಯ ಲಯೋಲ್ ಚಾಕುವಿನಲ್ಲಿ ಮೂರು ಇರುತ್ತವೆ, ಮೂರೂ ಬೇರೆ ಬೇರೆ ಕಾಲದಲ್ಲಿ ಬಂದವು. ಮೊದಲನೆಯದು ಅಲಗು. ರೊಟ್ಟಿ, ಗಿಣ್ಣು, ಒಣಗಿಸಿದ ಮಾಂಸ, ಹಗ್ಗ, ಬೇಲಿಯ ಕಡ್ಡಿ, ಎಲ್ಲಕ್ಕೂ ಅದೊಂದೇ. ಎರಡನೆಯದು 1840ರ ಸುಮಾರಿಗೆ ಸೇರಿದ ದಬ್ಬಳ. ಚರ್ಮದ ಪಟ್ಟಿಗೆ ತೂತು ಮಾಡಲು ಒದಗುತ್ತದೆ ನಿಜ, ಆದರೆ ಅದು ಹೆಸರಾದದ್ದು ಬೇರೆ ಕೆಲಸಕ್ಕೆ. ಇಬ್ಬನಿ ಆರದ ಎಳೆ ಸೊಪ್ಪನ್ನು ದನ ಗಬಗಬನೆ ತಿಂದರೆ ಹೊಟ್ಟೆಯೊಳಗೆ ನೊರೆ ಕಟ್ಟಿ ಗಾಳಿ ತುಂಬಿಕೊಳ್ಳುತ್ತದೆ. ಕುದುರೆ ಮಸಾಲೆ ಸೊಪ್ಪು ಹಾಕುವ ನಮ್ಮ ಹೈನುಗಾರರಿಗೆ ಈ ಹೊಟ್ಟೆಯುಬ್ಬರದ ಭಯ ಚೆನ್ನಾಗಿ ಗೊತ್ತು. ಶ್ವಾಸಕೋಶ ಒತ್ತಿಕೊಂಡು ಗಂಟೆ ಎರಡು ಗಂಟೆಯಲ್ಲಿ ಪ್ರಾಣ ಹೋದೀತು. ಪಶುವೈದ್ಯರು ಬೆಟ್ಟ ಹತ್ತಿ ಬರುವ ತನಕ ಕಾಯುವಂತಿಲ್ಲ. ಎಡಪಕ್ಕೆಯ ಗುಳಿಯಲ್ಲಿ ದಬ್ಬಳ ಚುಚ್ಚಿ ಗಾಳಿ ಬಿಟ್ಟರೆ ಹಸು ಉಳಿಯುತ್ತದೆ. ದನಗಾಹಿಯ ಕಿಸೆಯಲ್ಲಿದ್ದದ್ದು ಒಂದು ಶಸ್ತ್ರಚಿಕಿತ್ಸಾಲಯ.

ಮೂರನೆಯದು ಬಿರಡೆ ಕೀಳುವ ತಿರುಪು. ಅದು ಬಂದದ್ದು 1880ರಲ್ಲಿ. ದನಗಾಹಿಗೆ ವೈನ್ ಹೊಸದೇನಲ್ಲ, ಬೆಟ್ಟದ ಕೆಳಗಿನ ಮಾರ್ಸಿಯಾಕ್ ಕಣಿವೆಯಲ್ಲಿ ಕೆಂಪು ವೈನ್ ಮಾಡುತ್ತಾರೆ. ಆದರೆ ಬಡ ರೈತ ಕುಡಿಯುವ ವೈನ್ ಪೀಪಾಯಿಯಿಂದ ಹೂಜಿಗೆ, ಹೂಜಿಯಿಂದ ಲೋಟಕ್ಕೆ ಇಳಿಯುವಂಥದ್ದು. ಬಿರಡೆ ಹಾಕಿದ ಬಾಟಲಿ ಉಳ್ಳವರ ಮನೆಯ ವಸ್ತು. ಹಾಗಿದ್ದ ಮೇಲೆ ದನ ಕಾಯುವವನ ಚಾಕುವಿಗೆ ಈ ತಿರುಪು ಯಾಕೆ? ಉತ್ತರ ಸುಮಾರು 500 ಕಿಲೋಮೀಟರ್ ಉತ್ತರಕ್ಕಿದೆ, ಪ್ಯಾರಿಸ್‌ನಲ್ಲಿ.

ಒಬ್ರಾಕ್‌ನ ಚಳಿಗಾಲ ಉದ್ದ, ನೆಲ ಬಡವು. ಗುಳೆ ಹೋಗುವುದು ಹಳೆಯ ರೂಢಿ. ಮೊದಲು ಹೋದದ್ದು ದಕ್ಷಿಣಕ್ಕೆ, ಸ್ಪೇನಿಗೆ. ಅಲ್ಲಿನ ‘ನವಾಹ’ ಎಂಬ ಮಡಿಚುವ ಚಾಕುವನ್ನು ಕಂಡು ಬಂದವರಿಂದಲೇ ಲಯೋಲ್ ಚಾಕುವಿಗೆ ಆ ಬಾಗು ಬಂತು ಎಂಬ ಮಾತಿದೆ. ಆಮೇಲೆ ಹೋದದ್ದು ರಾಜಧಾನಿಗೆ. ಒಬ್ರಾಕ್ ಮತ್ತು ನೆರೆಯ ಒವೆರ್ನ್ ಸೀಮೆಯ ಗಂಡಸರು ಪ್ಯಾರಿಸ್‌ನಲ್ಲಿ ಮೊದಲು ಹಿಡಿದ ಕೆಲಸ ನೀರು ಹೊರುವುದು. ಹೆಗಲ ಮೇಲೆ ಅಡ್ಡೆ, ಎರಡು ತುದಿಗೆ ಎರಡು ಬಕೆಟ್, ಐದು ಆರು ಮಹಡಿ ಮೆಟ್ಟಿಲು. 19ನೆಯ ಶತಮಾನದ ನಡುವಿನಲ್ಲಿ ನಗರಕ್ಕೆ ಕೊಳವೆ ನೀರು ಬಂತು, ನೀರು ಹೊರುವವರ ಹೊಟ್ಟೆಪಾಡು ಹೋಯಿತು. ಹೆಗಲು ಹೇಗೂ ಗಟ್ಟಿಯಾಗಿತ್ತು, ಕಲ್ಲಿದ್ದಲು ಹೊತ್ತರು. ಇದ್ದಲಿನ ಮಳಿಗೆಯ ಮೂಲೆಯಲ್ಲಿ ಒಂದು ಗಲ್ಲೆ, ಗಲ್ಲೆಯ ಹಿಂದೆ ಹೆಂಡತಿ, ಅವಳ ಮುಂದೆ ವೈನಿನ ಲೋಟಗಳು. ‘ವೈನ್ ಮತ್ತು ಇದ್ದಲು’ ಎಂಬ ಫಲಕ ಪ್ಯಾರಿಸ್‌ನ ಬೀದಿ ಬೀದಿಯಲ್ಲಿ ನೇತಾಡಿತು. ಗಂಡ ಮಸಿ ಮೈಯಲ್ಲಿ ಮೂಟೆ ಹೊರಲು ಹೋದರೆ ಹೆಂಡತಿ ಗಿರಾಕಿಗೆ ಲೋಟ ತುಂಬುವಳು. ಇವರಿಗೆ ‘ಬೂನ್ಯಾ’ ಎಂಬ ಅಡ್ಡಹೆಸರೇ ಬಿತ್ತು. ಇದ್ದಲು ಮಾರುವವನು ಎಂಬ ಪದದ ಬಾಲ ಮತ್ತು ಒವೆರ್ನ್‌ನವನು ಎಂಬ ಪದದ ಬಾಲ ಕಟ್ಟಿಕೊಂಡು ಹುಟ್ಟಿದ ಹೆಸರಂತೆ ಅದು. 1882ರಲ್ಲಿ ಇವರಿಗೆಂದೇ ಒಂದು ಪತ್ರಿಕೆ ಶುರುವಾಯಿತು ಎಂದರೆ ಎಷ್ಟು ಜನ ಬಂದಿಳಿದಿದ್ದರು ಎಂದು ಊಹಿಸಿಕೊಳ್ಳಬಹುದು.

ಇದ್ದಲು ಕ್ರಮೇಣ ಹಿಂದೆ ಸರಿಯಿತು, ಗಲ್ಲೆ ಉದ್ದವಾಯಿತು, ಕುರ್ಚಿಗಳು ಬೀದಿಗೆ ಬಂದವು. ಪ್ಯಾರಿಸ್ ಎಂದೊಡನೆ ನಾವು ಕಲ್ಪಿಸಿಕೊಳ್ಳುವ ಕೆಫೆ ಇದೆಯಲ್ಲ, ಅದರ ಮಾಲೀಕ ಬಹಳ ಸಲ ಈ ಬೆಟ್ಟದವನೇ. 1920ರಲ್ಲಿ ಬ್ರಾಸ್ಸರಿ ಲಿಪ್ ಕೊಂಡ ಮಾರ್ಸೆಲಾ ಕಾಜ್, 1939ರಲ್ಲಿ ಕೆಫೆ ದ ಫ್ಲೋರ್ ಕೊಂಡ ಪೌಲ್ ಬೂಬಾಲ್ ಇಬ್ಬರೂ ಒಬ್ರಾಕ್ ಇರುವ ಅವೆರೋನ್ ಜಿಲ್ಲೆಯವರು. ಸಾರ್ತ್ರ್ ಮತ್ತು ಸಿಮೋನ್ ದ ಬೋವ್ವಾ ಚಳಿಗೆ ಬೆಚ್ಚಗೆ ಕೂತು ಬರೆದದ್ದು ಈ ಬೂಬಾಲ್ ಅವರ ಮೇಜುಗಳ ಮೇಲೆ. ಅಸ್ತಿತ್ವವಾದಕ್ಕೆ ಒಲೆ ಹಚ್ಚಿಕೊಟ್ಟದ್ದು ದನಗಾಹಿಗಳ ನಾಡು!

ಓದುತ್ತಾ ಓದುತ್ತಾ ನಿಮಗೂ ಕುಂದಾಪುರ, ಕೋಟ, ಉಡುಪಿ ನೆನಪಾಗಿರಬೇಕು. ಘಟ್ಟ ಹತ್ತಿ ಬೆಂಗಳೂರಿಗೆ, ಹಡಗು ಹತ್ತಿ ಮುಂಬೈಗೆ ಹೋಗಿ, ಲೋಟ ತೊಳೆಯುವುದರಿಂದ ಶುರುಮಾಡಿ ಗಲ್ಲೆಗೆ ಬಂದು ಕೂತವರ ಕಥೆ ಇದೇ ಅಚ್ಚಿನದು. ಕೋಟದ ಬಳಿಯ ಪಾರಂಪಳ್ಳಿಯಿಂದ ಬಂದ ಮಯ್ಯ ಸಹೋದರರು ಬೆಂಗಳೂರಿನಲ್ಲಿ ಕಾಫಿ ಕ್ಲಬ್ ತೆರೆದದ್ದು 1924ರಲ್ಲಿ. ಅದೇ ಮುಂದೆ ಎಂಟಿಆರ್ ಆಯಿತು. ಎರಡೂ ಕಡೆ ಬಡ ಊರು ತನ್ನ ಮಕ್ಕಳನ್ನು ನಗರದ ಬಾಯಾರಿಕೆ ತಣಿಸಲು ಕಳಿಸಿತು. ಒಂದೇ ವ್ಯತ್ಯಾಸ, ನಮ್ಮವರ ಜೊತೆ ಘಟ್ಟ ಹತ್ತಿದ ಪಾತ್ರೆ ಪಗಡೆಗಳಲ್ಲಿ ಯಾವುದರ ಮೇಲೂ ಆ ಪಯಣ ಹೀಗೆ ಕೆತ್ತಿ ಉಳಿದಂತೆ ಕಾಣದು. ಲಯೋಲ್‌ನವರ ಚಾಕುವಿನ ಮೇಲೆ ಉಳಿದಿದೆ. ಪ್ಯಾರಿಸ್‌ನಲ್ಲಿ ಮಾಣಿಯಾಗಿದ್ದ ಮಗ ರಜೆಗೆ ಊರಿಗೆ ಬಂದಾಗ, ‘ಇದಕ್ಕೊಂದು ತಿರುಪು ಸೇರಿಸಿಕೊಡಿ, ಅಲ್ಲಿ ದಿನವೂ ಬೇಕಾಗುತ್ತದೆ’ ಎಂದು ಕಮ್ಮಾರನ ಮುಂದೆ ಅಪ್ಪನ ಚಾಕುವನ್ನು ಇಟ್ಟ ಗಳಿಗೆಯನ್ನು ನಾನು ಕಲ್ಪಿಸಿಕೊಳ್ಳುತ್ತೇನೆ. ಊರಿನ ಚಾಕು ತಯಾರಕರು ಇವತ್ತಿಗೂ ತಿರುಪಿಗೆ ಕೊಡುವ ಕಾರಣ ಆ ಮಾಣಿಗಳೇ.

ತಿರುಪಿನ ಪೂರ್ವಾಶ್ರಮ ಅಷ್ಟು ಶಾಂತವಾದದ್ದಲ್ಲ. ಹಳೆಯ ಬಂದೂಕಿನ ನಳಿಗೆಯಲ್ಲಿ ಸಿಕ್ಕಿಕೊಂಡ ಗುಂಡು, ಬಟ್ಟೆಚೂರುಗಳನ್ನು ಎಳೆದು ತೆಗೆಯಲು ಸೈನಿಕರ ಬಳಿ ಸುರುಳಿ ತುದಿಯ ಕಡ್ಡಿ ಇರುತ್ತಿತ್ತು. ಇಂಗ್ಲೆಂಡಿನಲ್ಲಿ ಗಟ್ಟಿ ಗಾಜಿನ ಬಾಟಲಿ, ಗಟ್ಟಿ ಬಿರಡೆ ಬಂದಾಗ ಅದೇ ಸುರುಳಿ ಊಟದ ಮನೆಗೆ ಬಂತು. ಅದಕ್ಕೆ ಮೊದಲ ಪೇಟೆಂಟ್ ಪಡೆದದ್ದು 1795ರಲ್ಲಿ, ಸ್ಯಾಮ್ಯುಯೆಲ್ ಹೆನ್‌ಶಾಲ್ ಎಂಬ ಪಾದ್ರಿ. ದೇವರ ಸೇವಕನಿಗೆ ಈ ತಾಪತ್ರಯ ಯಾಕೆ ಬಂತೋ!

ಬಿರಡೆ ಕೀಳುವುದು ಕಾಣುವಷ್ಟು ಸುಲಭವಲ್ಲ. ಓಕ್ ಜಾತಿಯ ಮರದ ತೊಗಟೆಯಿಂದ ಕೊರೆದ, ಸುಮಾರು 24 ಮಿಲಿಮೀಟರ್ ದಪ್ಪದ ತುಂಡನ್ನು ಹಿಂಡಿ, 18.5 ಮಿಲಿಮೀಟರ್ ಬಾಯಿಯ ಕತ್ತಿನೊಳಗೆ ನೂಕಿರುತ್ತಾರೆ. ಅದು ಒಳಗೇ ಅರಳಿ ಗಾಜನ್ನು ಕಚ್ಚಿಕೊಂಡು ಕೂರುತ್ತದೆ. ನೇರವಾಗಿ ಎಳೆದರೆ 25 ಕಿಲೋ ಅಕ್ಕಿ ಚೀಲ ಎತ್ತುವಷ್ಟು ಬಲ ಬೇಕು, ಕೆಲವಕ್ಕೆ ಇನ್ನೂ ಹೆಚ್ಚು. ಲಯೋಲ್ ಚಾಕುವಿನ ತಿರುಪು ಹಿಡಿಯ ನಡುವಿನಿಂದ ಅಡ್ಡಕ್ಕೆ ಹೊರಬರುತ್ತದೆ. ತಿರುಪು ಇಳಿಸಿ, ಬಾಟಲಿಯನ್ನು ಎರಡು ಮಂಡಿಗಳ ನಡುವೆ ಒತ್ತಿ ಹಿಡಿದು, ಹಿಡಿಯನ್ನು ಎರಡೂ ಬದಿಯಿಂದ ಬೆರಳಲ್ಲಿ ಸಿಕ್ಕಿಸಿ, ಹಲ್ಲು ಕಚ್ಚಿ ಎಳೆಯಬೇಕು. ಬೆಟ್ಟದ ಮೇಲೆ ಗೆಳೆಯರ ಮುಂದೆ ಇದೆಲ್ಲ ನಡೆಯುತ್ತದೆ. ಕರಿ ಕೋಟು ತೊಟ್ಟ ಮಾಣಿ ಗಿರಾಕಿಯ ಮುಂದೆ ಬಾಟಲಿಯನ್ನು ತೊಡೆ ನಡುವೆ ಇಟ್ಟುಕೊಂಡರೆ ಚೆನ್ನಾಗಿರುತ್ತದೆಯೇ?

ಈ ಮುಜುಗರಕ್ಕೆ ಮದ್ದು ಹುಡುಕಿದ್ದು ಜರ್ಮನಿಯ ರೋಸ್ಟಾಕ್ ಊರಿನ ಕಾರ್ಲ್ ವೀಂಕೆ. ಲಯೋಲ್‌ಗೆ ತಿರುಪು ಬಂದ ಎರಡೇ ವರ್ಷಕ್ಕೆ, 1882ರಲ್ಲಿ, ಮಡಿಚುವ ಚಾಕುವಿನಂತೆಯೇ ಕಾಣುವ ಒಂದು ಸಾಧನಕ್ಕೆ ಆತ ಪೇಟೆಂಟ್ ಪಡೆದ. ಬಾಟಲಿಯ ಅಂಚಿಗೆ ಊರುವ ಪುಟ್ಟ ತೋಳು, ನಡುವೆ ತಿರುಪು. ಸನ್ನೆಗೋಲಿನ ಸೂತ್ರ, ಅಷ್ಟೇ. ಬೆರಳಿನ ಬಲಕ್ಕೆ ಬಿರಡೆ ಸದ್ದಿಲ್ಲದೆ ಮೇಲೆ ಬರುತ್ತದೆ. ‘ಮಾಣಿಯ ಗೆಳೆಯ’ ಎಂಬ ಹೆಸರು ಅದಕ್ಕೆ ಬಂದದ್ದು ನ್ಯಾಯವೇ. ಇವತ್ತು ಬೆಂಗಳೂರಿನ ದೊಡ್ಡ ಹೋಟೆಲಿನ ಮಾಣಿಯ ಕಿಸೆಯಲ್ಲಿರುವುದೂ ಅದೇ. ಲಯೋಲ್‌ನವರು ಆಮೇಲೆ ಆ ತೋಳನ್ನೂ ತಮ್ಮ ಚಾಕುವಿಗೆ ಸೇರಿಸಿ, ವೈನ್ ಬಡಿಸುವವರಿಗೆಂದೇ ಬೇರೆ ಮಾದರಿ ಮಾಡಿದರು.

ಸ್ವಿಟ್ಜರ್ಲೆಂಡಿನ ಕೆಂಪು ಚಾಕುವಿನ ಕಥೆ ನಮ್ಮ ಓದುಗರಿಗೆ ಹೆಚ್ಚು ಪರಿಚಿತ, ಹಾಗಾಗಿ ಬೇಗ ಮುಗಿಸುತ್ತೇನೆ. ಕಾರ್ಲ್ ಎಲ್ಸೆನರ್ 1891ರಲ್ಲಿ ಸೇನೆಗೆ ಒದಗಿಸಿದ ಸಿಪಾಯಿ ಚಾಕುವಿನಲ್ಲಿ ಅಲಗು, ದಬ್ಬಳ, ಡಬ್ಬ ತೆರೆಯುವ ಕೊಕ್ಕೆ, ಬಂದೂಕು ಬಿಚ್ಚುವ ಸ್ಕ್ರೂಡ್ರೈವರ್ ಇದ್ದವು. ತಿರುಪು ಇರಲಿಲ್ಲ. 1897ರ ಜೂನ್ 12ರಂದು ಆತ ನೋಂದಾಯಿಸಿದ ಹಗುರವಾದ ಅಧಿಕಾರಿ ಚಾಕುವಿನಲ್ಲಿ ಒಂದು ಪುಟ್ಟ ಅಲಗೂ ಬಿರಡೆ ತಿರುಪೂ ಹೆಚ್ಚಾಗಿ ಸೇರಿದವು. ಸೇನೆ ಇದನ್ನು ಹಂಚಲಿಲ್ಲ, ಅಧಿಕಾರಿಗಳೇ ಕೈಯಿಂದ ಕಾಸು ಹಾಕಿ ಕೊಂಡರು. ಸಿಪಾಯಿಗೆ ಬಂದೂಕು, ಸಾಹೇಬರಿಗೆ ಬಾಟಲಿ. ಅಮೆರಿಕದಿಂದ ಬಂದ ಮಾವಂದಿರ ಸೂಟ್‌ಕೇಸಿನಿಂದ ಇಳಿದು ನಮ್ಮ ಮನೆಗಳಿಗೆ ಬಂದದ್ದು ಈ ಸಾಹೇಬರ ಚಾಕು. ನಮ್ಮಲ್ಲಿ ಅದರ ತಿರುಪು ಹೊಲಿಗೆ ದಾರದ ಗಂಟು ಬಿಡಿಸಿದ್ದೇ ಹೆಚ್ಚು.

ಫ್ರಾನ್ಸಿನದೇ ಇನ್ನೊಂದು ಚಾಕುವಿನ ಬಗ್ಗೆ ಒಂದು ಮಾತು. ಆಲ್ಪ್ಸ್ ತಪ್ಪಲಿನ ಸಾವ್ವಾ ಸೀಮೆಯಲ್ಲಿ 1890ರಲ್ಲಿ ಜೋಸೆಫ್ ಒಪಿನೆಲ್ ಎಂಬ ತರುಣ ಮಾಡಿದ ಮರದ ಹಿಡಿಯ ಚಾಕು ಅದು. ತೀರಾ ಸಾದಾ, ಅಗ್ಗ, ಗಾತ್ರಕ್ಕೊಂದು ನಂಬರು. ಹತ್ತನೇ ನಂಬರಿನ ಒಂದು ಮಾದರಿಗೆ ತಿರುಪು ಉಂಟು. ಮರ ನೀರು ಕುಡಿದು ಉಬ್ಬಿದರೆ ಅಲಗು ಹಿಡಿಯೊಳಗೆ ಸಿಕ್ಕಿಕೊಳ್ಳುತ್ತದೆ. ಆಗ ಹಿಡಿಯ ಹಿಂಬದಿಯನ್ನು ಮೇಜಿನ ಅಂಚಿಗೆ ಟಕ್ಕೆಂದು ಬಡಿಯಬೇಕು, ಅಲಗಿನ ಬೆನ್ನು ತುಸು ಹೊರಗೆ ಇಣುಕುತ್ತದೆ. ಇದಕ್ಕೆ ‘ಸಾವ್ವಾ ಪೆಟ್ಟು’ ಎಂದೇ ಹೆಸರು. ಲಯೋಲ್ ಚಾಕು ಮದುವೆಮನೆಗೆ, ಒಪಿನೆಲ್ ಗದ್ದೆಗೆ ಎಂದು ನನಗೆ ಅನಿಸುವುದುಂಟು. ಎರಡರಲ್ಲಿ ಒಂದನ್ನೇ ಇಟ್ಟುಕೋ ಎಂದರೆ ಗದ್ದೆಯದನ್ನೇ ಇಟ್ಟುಕೊಂಡೇನು.

ಈಗ ಚಾಕುವೇ ಪಾನೀಯ ಕುಡಿಯುವ ವಿಷಯ. ಈ ಹಳೆಯ ಬಗೆಯ ಚಾಕುಗಳಲ್ಲಿ ಇಂದಿಗೂ ತುಕ್ಕು ಹಿಡಿಯುವ ಕಾರ್ಬನ್ ಉಕ್ಕಿನ ಅಲಗು ಸಿಗುತ್ತದೆ. ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ 1913ರಲ್ಲಿ ತುಕ್ಕುರಹಿತ ಉಕ್ಕನ್ನು ಎರಕ ಹೊಯ್ದ ಮೇಲೂ ಹಳೆಯದನ್ನೇ ಹಟ ಹಿಡಿದು ಕೊಳ್ಳುವವರಿದ್ದಾರೆ. ಮಸೆಯುವುದು ಸುಲಭ ಎಂಬುದು ಒಂದು ಕಾರಣ, ಅಲಗು ಬಣ್ಣ ಬದಲಿಸುತ್ತದೆ ಎಂಬುದು ಇನ್ನೊಂದು. ಹೊಚ್ಚಹೊಸ ಅಲಗಿನಲ್ಲಿ ನಿಂಬೆಹಣ್ಣು ಕೊಯ್ದು ನೋಡಿ. ಐದು ನಿಮಿಷಕ್ಕೆ ಬೂದು ಕಲೆ, ವಾರದೊಳಗೆ ನವಿಲುಗರಿಯ ನೀಲಿ, ತಿಂಗಳಲ್ಲಿ ಮಳೆಮೋಡದ ಬಣ್ಣ. ಈ ಕಪ್ಪು ಪದರ ಕೂತ ಮೇಲೆ ಕೆಂಪು ತುಕ್ಕು ಸುಲಭಕ್ಕೆ ಹತ್ತಿರ ಬಾರದು. ತಾಳ್ಮೆಯಿಲ್ಲದವರು ಹೊಸ ಅಲಗನ್ನು ಕಡು ಚಹಾದಲ್ಲೋ ಕಾಫಿಯಲ್ಲೋ ಅದ್ದಿಟ್ಟು ಒಂದೇ ರಾತ್ರಿಯಲ್ಲಿ ಮುಪ್ಪು ತರಿಸುತ್ತಾರೆ. ಚಹಾದ ಒಗರು ಕಬ್ಬಿಣದ ಜೊತೆ ಸೇರಿದರೆ ಕಪ್ಪಾಗುತ್ತದೆ. ಹಿಂದಿನವರು ಶಾಯಿ ಮಾಡುತ್ತಿದ್ದದ್ದೂ ಇದೇ ಸೂತ್ರದಲ್ಲಿ, ನಮ್ಮ ಅಜ್ಜಿಯಂದಿರು ಕಬ್ಬಿಣದ ಬಾಣಲೆಯಲ್ಲಿ ನೆಲ್ಲಿಕಾಯಿ ನೆನೆಹಾಕಿ ಕೂದಲಿಗೆ ಹಚ್ಚುತ್ತಿದ್ದದ್ದೂ ಇದೇ ಸೂತ್ರದಲ್ಲಿ. ಅಡಕತ್ತರಿಯ ಬಾಯಿ ಯಾಕೆ ಸದಾ ಕಪ್ಪು ಎಂದು ಚಿಕ್ಕಂದಿನಲ್ಲಿ ಕೇಳಿದಾಗ ಉತ್ತರ ಸಿಕ್ಕಿರಲಿಲ್ಲ. ಅಡಕೆಗೂ ಒಗರಿದೆ, ಅಷ್ಟೇ ವಿಷಯ.

ಕಬ್ಬಿಣಕ್ಕೂ ಕುಡಿಯುವುದಕ್ಕೂ ಇರುವ ನಮ್ಮದೇ ನಂಟು ಹುಡುಕಿದರೆ ಅದು ಕಿಸೆಯಲ್ಲಿಲ್ಲ, ಸೊಂಟದಲ್ಲಿದೆ. ಕರಾವಳಿಯ ಮೂರ್ತೆದಾರರು ಬೆನ್ನ ಹಿಂದೆ ಸಿಕ್ಕಿಸಿಕೊಂಡು ಮರ ಹತ್ತುವ ಕತ್ತಿ. ತೆಂಗಿನ ಹೊಂಬಾಳೆಯನ್ನು ಕಟ್ಟಿ, ಮೆಲ್ಲಗೆ ಬಡಿದು ಹದ ಮಾಡಿ, ಬೆಳಿಗ್ಗೆ ಸಂಜೆ ಅದರ ತುದಿಯಿಂದ ಕಾಗದದಷ್ಟು ತೆಳುವಾದ ಒಂದು ಬಿಲ್ಲೆ ಕೆತ್ತಿ ತೆಗೆಯುತ್ತಾರೆ. ಕತ್ತಿ ಮೊಂಡಾದರೆ ಹೊಂಬಾಳೆ ಜಜ್ಜಿಹೋಗಿ ರಸ ನಿಲ್ಲುತ್ತದೆ. ಹಾಗಾಗಿ ಅದರ ಮೊನೆ ಕ್ಷೌರದ ಕತ್ತಿಗೆ ಸಮ. ಲಯೋಲ್ ಚಾಕು ಆಗಲೇ ತಯಾರಾದ ಪಾನೀಯದ ಬಾಗಿಲು ತೆರೆಯುತ್ತದೆ, ಈ ಕತ್ತಿ ಪಾನೀಯವನ್ನೇ ಹನಿ ಹನಿಯಾಗಿ ಇಳಿಸುತ್ತದೆ. ಎರಡನ್ನೂ ಒಂದೇ ಮೇಜಿನ ಮೇಲಿಟ್ಟರೆ ಮರ್ಯಾದೆಯ ಜಾಗ ಯಾವುದಕ್ಕೆ ಎಂದು ನನಗೆ ಅನುಮಾನವಿಲ್ಲ.

ಲಯೋಲ್ ಊರಿನವರು ತಮ್ಮ ಹೆಸರನ್ನೇ ಸ್ವಲ್ಪ ಕಾಲ ಕಳೆದುಕೊಂಡಿದ್ದರು. 1993ರಲ್ಲಿ ಊರಿಗೆ ಸಂಬಂಧವಿಲ್ಲದ ವ್ಯಾಪಾರಿಯೊಬ್ಬರು ಆ ಹೆಸರನ್ನು ಹಲವು ಸರಕುಗಳಿಗೆ ಟ್ರೇಡ್‌ಮಾರ್ಕ್ ಮಾಡಿಸಿಕೊಂಡರು. ಹೊರದೇಶಗಳಲ್ಲಿ ತಯಾರಾದ ಅಗ್ಗದ ವಸ್ತುಗಳ ಮೇಲೂ ಊರಿನ ಹೆಸರು ಕಾಣಿಸಿತು. 2012ರಲ್ಲಿ ಗ್ರಾಮಸ್ಥರು ಸಿಟ್ಟಿನಿಂದ ಊರಿನ ನಾಮಫಲಕವನ್ನೇ ಕಿತ್ತಿಟ್ಟರು: ನಮ್ಮ ಹೆಸರು ನಮ್ಮದಲ್ಲದ ಮೇಲೆ ಫಲಕ ಯಾಕೆ? ಕೋರ್ಟಿಂದ ಕೋರ್ಟಿಗೆ ಅಲೆದು, 2019ರಲ್ಲಿ ಪ್ಯಾರಿಸ್‌ನ ಮೇಲ್ಮನವಿ ನ್ಯಾಯಾಲಯದಲ್ಲಿ ಊರಿನ ಪರ ತೀರ್ಪು ಬಂತು.

ನನ್ನ ಬಳಿ ಇರುವ ಲಯೋಲ್ ಚಾಕು ಫ್ರಾನ್ಸಿಗೆ ಓದಲು ಹೋಗಿದ್ದ ಗೆಳೆಯರೊಬ್ಬರು ತಂದುಕೊಟ್ಟದ್ದು. ಕೊಡುವ ಮೊದಲು ಕೈ ಚಾಚಿ ಒಂದು ನಾಣ್ಯ ಕೇಳಿದರು. ಚಾಕುವನ್ನು ಬಿಟ್ಟಿ ಕೊಟ್ಟರೆ ಸ್ನೇಹ ಕತ್ತರಿಸಿಹೋಗುತ್ತದೆ ಎಂದು ಫ್ರೆಂಚರ ನಂಬಿಕೆ, ಹಾಗಾಗಿ ಕೊಂಡಂತೆ ಲೆಕ್ಕ. ಉಪ್ಪು, ಮೆಣಸಿನಕಾಯಿ, ಕತ್ತಿಯನ್ನು ಕೈಯಿಂದ ಕೈಗೆ ಕೊಡದೆ ನೆಲಕ್ಕಿಟ್ಟು ತೆಗೆದುಕೊಳ್ಳಿ ಎನ್ನುವ ಮನೆಯಲ್ಲಿ ಬೆಳೆದ ನನಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಒಂದು ರೂಪಾಯಿ ಕೊಟ್ಟೆ. ಜಗಳ ಇನ್ನೂ ಆಗಿಲ್ಲ. ಅದರ ತಿರುಪು ಮಾತ್ರ ಇಲ್ಲಿ ನಿರುದ್ಯೋಗಿ. ನಮ್ಮಲ್ಲಿ ಸಿಗುವ ಹಲವು ವೈನ್ ಬಾಟಲಿಗಳಿಗೆ ಈಗ ತಿರುಗಿಸಿ ತೆಗೆಯುವ ಲೋಹದ ಮುಚ್ಚಳ. ಬೇಸಗೆಯ ಮಧ್ಯಾಹ್ನ ನಿಂಬೆ ಪಾನಕಕ್ಕೆ ಹಣ್ಣು ಕೊಯ್ಯುವುದೇ ಆ ಚಾಕುವಿನ ಖಾಯಂ ಕೆಲಸ. ಅಲಗು ಈಗ ಮಳೆಮೋಡದ ಹಂತದಲ್ಲಿದೆ.

ಗೆಳೆಯರು ಚಾಕುವಿನ ಜೊತೆ ಎರಡು ಕಟ್ಟಪ್ಪಣೆಗಳನ್ನೂ ಕೊಟ್ಟರು. ಮಡಿಚುವಾಗ ಬೆರಳಿನಿಂದ ಅಲಗನ್ನು ತಡೆದು ಮೆಲ್ಲಗೆ ಇಳಿಸಬೇಕು. ಫಟ್ಟೆಂದು ಬಿಟ್ಟರೆ ಮೊನೆ ಒಳಗಿನ ಸ್ಪ್ರಿಂಗಿಗೆ ತಾಗಿ ಮುಕ್ಕಾಗುತ್ತದೆ. ಎರಡನೆಯದು, ಎಲ್ಲರಿಗಿಂತ ಮೊದಲು ಮಡಿಚಬಾರದು. ಆ ಸೀಮೆಯ ಹಳೆಯ ರೈತ ಮನೆಗಳಲ್ಲಿ ಯಜಮಾನ ಅಲಗನ್ನು ರೊಟ್ಟಿಯ ತುಂಡಿಗೆ ಒರೆಸಿ, ಆ ತುಂಡನ್ನು ಬಾಯಿಗೆ ಹಾಕಿಕೊಂಡು, ಚಾಕು ಮಡಿಚಿದನೆಂದರೆ ಊಟ ಮುಗಿಯಿತು ಎಂದೇ ಅರ್ಥ. ಆಳುಕಾಳು, ಮಕ್ಕಳು ಮರಿ ಎಲ್ಲರೂ ಏಳಬೇಕು. ಆ ಮೇಜಿನ ಕೊನೆಯಲ್ಲಿ ಕೂತವರು ಯಜಮಾನನ ಹೆಬ್ಬೆರಳಿನ ಮೇಲೊಂದು ಕಣ್ಣಿಟ್ಟು, ಲೋಟದ ತಳದಲ್ಲಿ ಉಳಿದದ್ದನ್ನು ಗಟಗಟನೆ ಮುಗಿಸುತ್ತಿದ್ದಿರಬೇಕು.